ಕೆಂಪು ಗುಂಡಿ ಒತ್ತಿದರೆ ಬೀಳುವ ಕೆಲಸಗಾರ

ಯಾವ ಫ್ಯಾಕ್ಟರಿಗೆ ಹೋದರೂ ಮಷಿನ್ ಪಕ್ಕದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಹಳದಿ ಡಬ್ಬಿಯ ಮೇಲೆ ಅಣಬೆಯ ಹಾಗೆ ಉಬ್ಬಿಕೊಂಡಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ತೋರಿಸುತ್ತಾರೆ. ಯಾರದಾದರೂ ಕೈ ಸಿಕ್ಕಿಕೊಂಡರೆ, ಏನೋ ಸುಟ್ಟ ವಾಸನೆ ಬಂದರೆ, ಯೋಚನೆ ಮಾಡ್ತಾ ನಿಲ್ಲಬೇಡಿ, ಒತ್ತಿಬಿಡಿ. ಕರೆಂಟ್ ಹೋಗುತ್ತದೆ, ಮಷಿನ್ ನಿಲ್ಲುತ್ತದೆ. ಕಾರಿನ ಬಾಡಿಯನ್ನು ವೆಲ್ಡಿಂಗ್ ಮಾಡುವ ದೊಡ್ಡ ರೋಬೋಟ್ ತೋಳೂ ಹಾಗೆಯೇ. ಕರೆಂಟ್ ಹೋದ ಕೂಡಲೇ ಕೀಲುಗಳೊಳಗಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ತೋಳು ಎಲ್ಲಿತ್ತೋ ಅಲ್ಲೇ ಕಲ್ಲಾಗುತ್ತದೆ.

ಅದೇ ಗುಂಡಿಯನ್ನು ಎರಡು ಕಾಲಿನ ರೋಬೋಟ್‌ಗೆ ಇಟ್ಟು ಒತ್ತಿ ನೋಡಿ. ಅದು ಬೀಳುತ್ತದೆ. ಕೀಲುಗಳಿಗೆ ಬ್ರೇಕ್ ಹಾಕಿದರೂ ಅಷ್ಟೇ. ಎತ್ತಿದ ಹೆಜ್ಜೆ ಎತ್ತಿದ ಹಾಗೇ, ಮರದ ಬೊಂಬೆಯಂತೆ ಉರುಳುತ್ತದೆ. ಅರವತ್ತು ಎಪ್ಪತ್ತು ಕೆಜಿಯ ಲೋಹ ಮತ್ತು ಬ್ಯಾಟರಿ, ಕೈಯಲ್ಲಿ ಹಿಡಿದ ಸಾಮಾನಿನ ಸಮೇತ. ಗುಂಡಿ ಒತ್ತಿದವರು ಹತ್ತಿರದಲ್ಲೇ ನಿಂತಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ಹ್ಯೂಮನಾಯ್ಡ್, ಅಂದರೆ ಮನುಷ್ಯನ ಆಕಾರದ ರೋಬೋಟ್‌ಗಳು ಕುಣಿಯುವ, ಪಲ್ಟಿ ಹೊಡೆಯುವ ವಿಡಿಯೊಗಳು ದಿನಾ ಮೊಬೈಲಿಗೆ ಬಂದು ಬೀಳುತ್ತಿವೆ. ಇನ್ನೇನು ಫ್ಯಾಕ್ಟರಿ ಕೆಲಸ ಎಲ್ಲ ಇವಕ್ಕೇ ಹೋಯಿತು ಅಂತ ಯಾರೋ ಕಾಮೆಂಟ್ ಹಾಕಿರುತ್ತಾರೆ. ಅದು ಎಷ್ಟು ಹತ್ತಿರ, ಎಷ್ಟು ದೂರ ಅಂತ ತಿಳಿಯಬೇಕಾದರೆ ಪಲ್ಟಿ ನೋಡಿದರೆ ಸಾಲದು. ಈ ಕೆಂಪು ಗುಂಡಿಯನ್ನು ನೋಡಬೇಕು, ಆಮೇಲೆ ಕೈ ಬೆರಳುಗಳನ್ನು ನೋಡಬೇಕು.

ಮೊದಲು ನಿಲ್ಲುವ ವಿಚಾರ. ಬೆಂಚು ನಿಂತಿರುತ್ತದೆ. ಅದಕ್ಕೆ ಏನೂ ಶ್ರಮವಿಲ್ಲ. ಮನುಷ್ಯ ಹಾಗಲ್ಲ. ಒಂದು ಕಾಲು ಎತ್ತಿ, ಕಣ್ಣು ಮುಚ್ಚಿ, ಸುಮ್ನೆ ಹತ್ತು ಸೆಕೆಂಡ್ ನಿಂತುನೋಡಿ. ಕೆಳಗಿನ ಪಾದ ಒಂದೇ ಸಮನೆ ಆ ಕಡೆ ಈ ಕಡೆ ಒತ್ತುತ್ತಿರುವುದು ಗೊತ್ತಾಗುತ್ತದೆ. ಎರಡು ಕಾಲಲ್ಲಿ ನಿಂತಾಗಲೂ ಇದೇ ನಡೆದಿರುತ್ತದೆ, ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೇ.

ಇನ್ನೊಂದು ಉದಾಹರಣೆ ಸಿಟಿ ಬಸ್ಸಿನಲ್ಲಿದೆ. ಕಂಬಿ ಹಿಡಿಯದೆ ನಿಂತಿದ್ದೀರಿ. ಡ್ರೈವರ್ ಮೆಲ್ಲಗೆ ಬ್ರೇಕ್ ಒತ್ತಿದರೆ ಕಾಲ್ಬೆರಳು ನೆಲಕ್ಕೆ ಊರಿಕೊಂಡು, ಪಾದದ ಕೀಲಲ್ಲೇ ಸುಧಾರಿಸಿಕೊಳ್ಳುತ್ತೀರಿ. ಸ್ವಲ್ಪ ಜೋರಾದರೆ ಸೊಂಟ ಬಳುಕುತ್ತದೆ, ಕೈ ಗಾಳಿಯಲ್ಲಿ ಬೀಸುತ್ತದೆ. ಇನ್ನೂ ಜೋರಾದರೆ ಒಂದು ಹೆಜ್ಜೆ ಮುಂದೆ ಇಟ್ಟೇ ಇಡುತ್ತೀರಿ. ಅಲ್ಲಿ ಯಾರ ಕಾಲಿದ್ದರೂ ಸರಿ. ಪಾದ, ಸೊಂಟ, ಹೆಜ್ಜೆ. ರೋಬೋಟ್ ಎಂಜಿನಿಯರುಗಳ ಲೆಕ್ಕಾಚಾರದಲ್ಲೂ ಇದೇ ಮೂರು ಮೆಟ್ಟಿಲು ಇದೆ. ಎರಡು ಕಾಲಿನ ಯಂತ್ರಕ್ಕೆ ನಿಲ್ಲುವುದೂ ಒಂದು ಕೆಲಸ. ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ ಮೋಟರ್‌ಗಳಿಗೆ ಹೇಳುತ್ತಲೇ ಇರಬೇಕು. ಕರೆಂಟ್ ಕಿತ್ತರೆ ಆ ಕೆಲಸವೂ ನಿಂತಿತು.

ಹಾಗಾದರೆ ಇಷ್ಟೆಲ್ಲ ಪಾಡುಪಟ್ಟು ಮನುಷ್ಯನ ಆಕಾರ ಯಾಕೆ ಬೇಕು?

ಫ್ಯಾಕ್ಟರಿ ರೋಬೋಟ್‌ಗಳಿಗೆ ಅರವತ್ತು ವರ್ಷ ದಾಟಿದ ಇತಿಹಾಸವಿದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಯೂನಿಮೇಟ್ ಅನ್ನುವ ತೋಳು ಕೆಲಸಕ್ಕೆ ಸೇರಿತು. ಅಚ್ಚಿನಿಂದ ಬಿಸಿಬಿಸಿ ಲೋಹದ ಭಾಗಗಳನ್ನು ಎತ್ತಿ ಇಡುವುದು ಅದರ ಕೆಲಸ. ಅದಕ್ಕೆ ಕಣ್ಣಿರಲಿಲ್ಲ. ಬೇಕೂ ಇರಲಿಲ್ಲ. ಎತ್ತಬೇಕಾದ ವಸ್ತು ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತಿತ್ತು. ಇವತ್ತಿಗೂ ಕಾರ್ಖಾನೆಯ ಹೆಚ್ಚಿನ ತೋಳುಗಳ ಕಥೆ ಇದೇ. ಕೆಲಸವನ್ನು ತೋಳಿನ ಮುಂದೆ ತಂದು ಕರಾರುವಾಕ್ಕಾಗಿ ನಿಲ್ಲಿಸುತ್ತಾರೆ. ತೋಳು ಕಲಿತ ಪಾಠವನ್ನೇ ಒಪ್ಪಿಸುತ್ತದೆ. ಮಿಲಿಮೀಟರ್‌ಗಿಂತ ಕಡಿಮೆ ತಪ್ಪಿನಲ್ಲಿ, ಹಗಲು ರಾತ್ರಿ. ಈ ಆಟದಲ್ಲಿ ಹ್ಯೂಮನಾಯ್ಡ್ ಅದನ್ನು ಸೋಲಿಸುವ ಮಾತೇ ಇಲ್ಲ.

ಉಳಿದಿರುವುದು ನಡುವಿನ ಕೆಲಸಗಳು. ಈ ಮಷಿನ್‌ನಿಂದ ಬಂದ ಭಾಗಗಳನ್ನು ಆ ಮಷಿನ್‌ಗೆ ಹಾಕುವುದು. ಟ್ರಾಲಿಯಿಂದ ಕ್ರೇಟ್ ಎತ್ತಿ ಬೆಲ್ಟ್ ಮೇಲೆ ಇಡುವುದು. ಒಂದು ವಾರ ಇಲ್ಲಿ, ಇನ್ನೊಂದು ವಾರ ಅಲ್ಲಿ. ಇದಕ್ಕೆಲ್ಲ ಒಂದೊಂದು ಮಷಿನ್ ಮಾಡಿಸುತ್ತಾ ಕೂತರೆ ಗಿಟ್ಟುವುದಿಲ್ಲ. ಕಟ್ಟಡ ಮೊದಲೇ ಕಟ್ಟಿಯಾಗಿದೆ. ಮೆಟ್ಟಿಲು, ಬಾಗಿಲು, ಕಪಾಟಿನ ಎತ್ತರ, ಹಿಡಿಕೆಯ ದಪ್ಪ ಎಲ್ಲವೂ ಮನುಷ್ಯನ ಅಳತೆಗೇ ಇದೆ. ಜಾಗ ಬದಲಿಸುವ ಬದಲು ಜಾಗಕ್ಕೆ ಹೊಂದುವ ಯಂತ್ರ ತರೋಣ ಅನ್ನುವುದು ಒಂದು ವಾದ. ಎರಡನೆಯದು ಈಚೆಗೆ ಬಂದದ್ದು: ಯಂತ್ರದ ದೇಹ ನಮ್ಮ ದೇಹದ ಹಾಗಿದ್ದರೆ, ಮನುಷ್ಯರು ಕೆಲಸ ಮಾಡುವುದನ್ನು ತೋರಿಸಿಯೇ ಅದಕ್ಕೆ ಕಲಿಸಬಹುದು. ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಕ್ರದ ಮೇಲೆ ಕೂತ ಪೆಟ್ಟಿಗೆಗಿಂತ ಎರಡು ಕಾಲಲ್ಲಿ ನಡೆಯುವ ಬೊಂಬೆಗೆ ಹೂಡಿಕೆದಾರರು ಬೇಗ ಜೇಬು ಬಿಚ್ಚುತ್ತಾರೆ.

ಮನುಷ್ಯನ ಆಕಾರದ ರೋಬೋಟನ್ನು ಎರಡು ಕಾಲಲ್ಲಿ ನಡೆಸುವ ಪ್ರಯತ್ನ ಶುರುವಾಗಿದ್ದು ಜಪಾನಿನಲ್ಲಿ. 1973ರಲ್ಲಿ ವಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ ವಾಬಾಟ್-1 ಕಟ್ಟಿತು. 1986ರಲ್ಲಿ ಹೋಂಡಾ ಕಂಪನಿ ಸದ್ದಿಲ್ಲದೆ ಕಾಲುಗಳ ಕೆಲಸ ಶುರುಮಾಡಿತು. ಮೊದಲ ಮಾದರಿ ಒಂದು ಹೆಜ್ಜೆಗೆ ಸುಮಾರು ಐದು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹತ್ತು ವರ್ಷ ಬಿಟ್ಟು, 1996ರಲ್ಲಿ ಪಿ2 ಹೊರಗೆ ಬಂತು. 182 ಸೆಂ.ಮೀ. ಎತ್ತರ, 210 ಕೆಜಿ ತೂಕ. 2000ದಲ್ಲಿ ಬಂದ ಆಸಿಮೊ ಪಿ2ಗಿಂತ ಎಷ್ಟೋ ಚಿಕ್ಕದು, ಮುದ್ದಾಗಿ ನಡೆಯುತ್ತಿತ್ತು.

ಆಸಿಮೊ ನಡಿಗೆಯನ್ನು ನೋಡಿದ್ದರೆ ನೆನಪಿರುತ್ತದೆ. ಮಂಡಿ ಬಗ್ಗಿಸಿಕೊಂಡೇ, ಪಾದವನ್ನು ಇಡಿಯಾಗಿ ಊರುತ್ತಾ, ಅವಸರದಲ್ಲಿ ಬಾತ್‌ರೂಮ್ ಹುಡುಕುವವರ ಹಾಗೆ. ಅದಕ್ಕೆ ಕಾರಣ ಇದೆ. ಬೆಲ್‌ಗ್ರೇಡ್‌ನ ವಿಜ್ಞಾನಿ ಮಿಯೊಮಿರ್ ವುಕೊಬ್ರಾಟೊವಿಚ್ 1960ರ ದಶಕದ ಕೊನೆಯಲ್ಲಿ ಒಂದು ಸೂತ್ರ ಕೊಟ್ಟಿದ್ದರು. ಎಂಜಿನಿಯರುಗಳು ಅದನ್ನು ಝಡ್‌ಎಂಪಿ ಅನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ದೇಹದ ಭಾರ ಮತ್ತು ಚಲನೆಯ ಎಳೆತ ಎಲ್ಲ ಸೇರಿ ನೆಲದ ಯಾವ ಬಿಂದುವಿನಲ್ಲಿ ಊರುತ್ತದೆಯೋ, ಆ ಬಿಂದು ಪಾದದ ಅಡಿಯಲ್ಲೇ ಇರುವ ತನಕ ಬೀಳುವುದಿಲ್ಲ. ಅಂಚಿಗೆ ಬಂತೋ, ಪಾದ ಮಗುಚುತ್ತದೆ. ಆಸಿಮೊ ಪ್ರತಿ ಹೆಜ್ಜೆಯನ್ನೂ ಮೊದಲೇ ಲೆಕ್ಕ ಹಾಕಿ ಈ ಬಿಂದುವನ್ನು ಪಾದದೊಳಗೇ ಕಾಪಾಡಿಕೊಳ್ಳುತ್ತಿತ್ತು. ನಾವಾದರೋ ಪ್ರತಿ ಹೆಜ್ಜೆಗೂ ಅರ್ಧ ಬಿದ್ದು, ಇನ್ನೊಂದು ಕಾಲಿನಿಂದ ಹಿಡಿದುಕೊಳ್ಳುತ್ತೇವೆ. ಲೆಕ್ಕದ ನಡಿಗೆ ಸಮತಟ್ಟಾದ ವೇದಿಕೆಯ ಮೇಲೆ ಚೆನ್ನ. ನೆಲದಲ್ಲಿ ಗೊತ್ತಿಲ್ಲದ ಒಂದು ಕಲ್ಲಿದ್ದರೆ ಕಷ್ಟ.

2011ರ ಮಾರ್ಚಿನಲ್ಲಿ ಸುನಾಮಿ ಬಂದು ಫುಕುಶಿಮಾ ಅಣು ಸ್ಥಾವರ ಹಾಳಾದಾಗ ಜಪಾನಿನವರೇ ಕೇಳಿದರು, ನಮ್ಮ ಆಸಿಮೊ ಎಲ್ಲಿ? ಒಳಗೆ ಕಲ್ಲುಮಣ್ಣು, ನೀರು, ವಿಕಿರಣ. ಮೊದಲಿಗೆ ಒಳಹೊಕ್ಕಿದ್ದು ಅಮೆರಿಕದಿಂದ ತರಿಸಿದ, ಟ್ಯಾಂಕಿನಂತೆ ಪಟ್ಟಿಯ ಮೇಲೆ ಉರುಳುವ ಪುಟ್ಟ ಪ್ಯಾಕ್‌ಬಾಟ್‌ಗಳು. ಈ ಅನುಭವದಿಂದಲೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ಇಟ್ಟಿತು. 2015ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಫೈನಲ್. ಗಾಡಿ ಓಡಿಸು, ಇಳಿ, ಬಾಗಿಲು ತೆಗೆ, ವಾಲ್ವ್ ತಿರುಗಿಸು, ಗೋಡೆ ಕೊರೆ, ಮೆಟ್ಟಿಲು ಹತ್ತು. ಒಂದು ಗಂಟೆ ಸಮಯ. ಆ ದಿನದ ವಿಡಿಯೊಗಳು ಇನ್ನೂ ಸಿಗುತ್ತವೆ. ಬಾಗಿಲ ಹಿಡಿಕೆ ಹಿಡಿಯಲು ಹೋಗಿ ಒಂದು ಬೀಳುತ್ತದೆ. ಗಾಡಿಯಿಂದ ಇಳಿಯುತ್ತಾ ಇನ್ನೊಂದು ಬೀಳುತ್ತದೆ.

ಗೆದ್ದದ್ದು ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಹ್ಯೂಬೊ. ಎಂಟೂ ಕೆಲಸವನ್ನು 44 ನಿಮಿಷ 28 ಸೆಕೆಂಡಿನಲ್ಲಿ ಮುಗಿಸಿ 20 ಲಕ್ಷ ಡಾಲರ್ ಬಹುಮಾನ ಒಯ್ದಿತು. ಹೇಗೆ ಅಂದರೆ, ಅದರ ಮಂಡಿಯಲ್ಲಿ ಚಕ್ರಗಳಿದ್ದವು. ಸಮನೆಲ ಬಂದರೆ ಮಂಡಿಯೂರಿ ಕೂತು, ಚಕ್ರದ ಮೇಲೆ ಉರುಳಿಕೊಂಡು ಹೋಗುತ್ತಿತ್ತು. ಬೇಕಾದಾಗ ಮಾತ್ರ ಏಳುತ್ತಿತ್ತು. ಹ್ಯೂಮನಾಯ್ಡ್‌ಗಳ ಅಷ್ಟು ದೊಡ್ಡ ಸ್ಪರ್ಧೆಯನ್ನು ನಡೆಯುವುದನ್ನು ಆದಷ್ಟು ತಪ್ಪಿಸಿಕೊಂಡ ರೋಬೋಟ್ ಗೆದ್ದಿತು. ನನಗೆ ಇಡೀ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಘಟನೆ ಇದು.

ಅಲ್ಲಿಂದ ಪಲ್ಟಿ ಹೊಡೆಯುವವರೆಗೆ ಬಂದದ್ದಕ್ಕೆ ಎರಡು ಕಾರಣ. ಒಂದು ಮೋಟರ್, ಇನ್ನೊಂದು ಕಲಿಸುವ ರೀತಿ.

ಹಳೆಯ ರೋಬೋಟ್‌ಗಳ ಕೀಲಿನಲ್ಲಿ ಸಣ್ಣ ಮೋಟರ್, ಅದರ ಮುಂದೆ ನೂರು ಪಟ್ಟು ವೇಗ ಇಳಿಸುವ ಗೇರ್‌ಬಾಕ್ಸ್. ಕಾರಿನ ಜಾಕಿಯ ಹಾಗೆ. ಸ್ವಲ್ಪ ಶಕ್ತಿಗೇ ಕಾರು ಏಳುತ್ತದೆ, ಸರಿ. ಆದರೆ ಮೇಲಿಂದ ಕಾರು ಎಷ್ಟೇ ಒತ್ತಿದರೂ ಜಾಕಿ ಹಿಂದಕ್ಕೆ ತಿರುಗುವುದಿಲ್ಲ. ಮಂಡಿಯಲ್ಲಿ ಜಾಕಿ ಇಟ್ಟುಕೊಂಡು ನಡೆಯುವುದನ್ನು ಊಹಿಸಿಕೊಳ್ಳಿ. ಪಾದ ನೆಲಕ್ಕೆ ಬಡಿದಾಗೆಲ್ಲ ಪೆಟ್ಟು ನೇರವಾಗಿ ಗೇರಿನ ಹಲ್ಲಿಗೆ. ಹೊಸ ಕಾಲುಗಳು ಬಾವಿಯ ರಾಟೆಯ ಹಾಗೆ. ಹಗ್ಗ ಹಿಡಿದರೆ ಸಾಕು, ಕೆಳಗೆ ಕೊಡ ತುಂಬಿದೆಯೋ ಖಾಲಿಯೋ ಕೈಗೇ ಗೊತ್ತಾಗುತ್ತದೆ, ಅಲ್ವಾ? ಕೊಡ ನಮ್ಮನ್ನು ಎಳೆಯಲೂಬಹುದು. ಅಗಲವಾದ, ಬಲವಾದ ಮೋಟರ್ ಹಾಕಿ ಗೇರ್ ಅನುಪಾತವನ್ನು ಹತ್ತರ ಆಸುಪಾಸಿಗೆ ಇಳಿಸಿದರೆ ಕೀಲು ಹೊರಗಿನ ಪೆಟ್ಟಿಗೆ ಬಳುಕುತ್ತದೆ. ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನುವುದನ್ನು ನೋಡಿಯೇ ನೆಲ ಎಷ್ಟು ಒತ್ತುತ್ತಿದೆ ಅಂತ ತಿಳಿಯಬಹುದು. ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ಎಂಐಟಿಯ ನಾಲ್ಕು ಕಾಲಿನ ಚೀತಾ ರೋಬೋಟ್. ಡ್ರೋನ್, ಎಲೆಕ್ಟ್ರಿಕ್ ಗಾಡಿಗಳ ದೆಸೆಯಿಂದ ಮೋಟರ್, ಬ್ಯಾಟರಿಗಳೂ ಅಗ್ಗವಾದವು. ಎಣ್ಣೆಯ ಒತ್ತಡದಿಂದ ಓಡುತ್ತಿದ್ದ ಬಾಸ್ಟನ್ ಡೈನಮಿಕ್ಸ್‌ನ ಪ್ರಸಿದ್ಧ ಅಟ್ಲಾಸ್ ಕೂಡ 2024ರ ಏಪ್ರಿಲಿನಲ್ಲಿ ನಿವೃತ್ತಿ ಪಡೆದು, ಮೋಟರಿನ ಅಟ್ಲಾಸ್‌ಗೆ ಜಾಗ ಬಿಟ್ಟುಕೊಟ್ಟಿತು.

ಕಲಿಸುವ ರೀತಿಯೂ ಬದಲಾಯಿತು. ಈಗ ಹೆಜ್ಜೆಯ ಲೆಕ್ಕವನ್ನು ಮನುಷ್ಯರು ಬರೆದುಕೊಡುವುದು ಕಡಿಮೆ. ಕಂಪ್ಯೂಟರಿನೊಳಗೆ ರೋಬೋಟ್‌ನ ಸಾವಿರಾರು ನಕಲುಗಳನ್ನು ಒಟ್ಟಿಗೆ ಬಿಡುತ್ತಾರೆ. ಮುಂದೆ ಹೋದರೆ ಅಂಕ, ಬಿದ್ದರೆ ಕಡಿತ. ಶುರುವಿನಲ್ಲಿ ಎಲ್ಲವೂ ಬೀಳುತ್ತವೆ. ಕೋಟಿಗಟ್ಟಲೆ ಸಲ ಬಿದ್ದು ಎದ್ದು, ಕೊನೆಗೊಂದು ನಡಿಗೆ ಹುಟ್ಟುತ್ತದೆ. ಇಲ್ಲೊಂದು ಜಾಣತನವಿದೆ. ಒಂದೇ ಥರದ ಅಂಗಳದಲ್ಲಿ ಸೈಕಲ್ ಕಲಿತವನು ಜಲ್ಲಿ ರಸ್ತೆಯಲ್ಲಿ ಬೀಳುತ್ತಾನೆ. ಹಾಗಾಗದಿರಲು ಆ ಸಾವಿರಾರು ಲೋಕಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಮಾಡುತ್ತಾರೆ. ಒಂದರಲ್ಲಿ ನೆಲ ಜಾರುತ್ತದೆ, ಒಂದರಲ್ಲಿ ರೋಬೋಟ್ ಎರಡು ಕೆಜಿ ಜಾಸ್ತಿ ತೂಗುತ್ತದೆ, ಒಂದರಲ್ಲಿ ಯಾರೋ ಪಕ್ಕದಿಂದ ತಳ್ಳುತ್ತಾರೆ, ಒಂದರಲ್ಲಿ ಮೋಟರ್ ತಡವಾಗಿ ಮಾತು ಕೇಳುತ್ತದೆ. ಇಷ್ಟನ್ನೆಲ್ಲ ಸುಧಾರಿಸಿಕೊಂಡ ನಡಿಗೆಗೆ ನಿಜವಾದ ನೆಲ ಇನ್ನೊಂದು ಬಗೆಯ ನೆಲ, ಅಷ್ಟೇ. 2021ರಲ್ಲಿ ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಸಿ, ಬರೀ ಎರಡು ಕಾಲು, ತಲೆಯೂ ಇಲ್ಲ ಕಣ್ಣೂ ಇಲ್ಲ, ಹೀಗೆ ಕಲಿತು ಒಂದೇ ಚಾರ್ಜಿನಲ್ಲಿ 5 ಕಿ.ಮೀ. ಓಡಿತು. 53 ನಿಮಿಷ ಹಿಡಿಯಿತು.

2025ರ ಏಪ್ರಿಲ್ 19ರಂದು ಬೀಜಿಂಗ್‌ನಲ್ಲಿ ಹ್ಯೂಮನಾಯ್ಡ್‌ಗಳ ಹಾಫ್ ಮ್ಯಾರಥಾನ್ ನಡೆಯಿತು. 21 ಹೊರಟವು, 6 ಮುಗಿಸಿದವು. ಮೊದಲು ಬಂದ ಟಿಯಾಂಗಾಂಗ್ ಅಲ್ಟ್ರಾ 2 ಗಂಟೆ 40 ನಿಮಿಷ ತೆಗೆದುಕೊಂಡಿತು. ದಾರಿಯಲ್ಲಿ ಮೂರು ಸಲ ಬ್ಯಾಟರಿ ಬದಲಿಸಿದರು, ಒಂದು ಸಲ ಬಿತ್ತು. ನಕ್ಕು ಸುಮ್ಮನಾಗುವುದು ಸುಲಭ. ಆದರೆ ಪೊಮೋನಾದಲ್ಲಿ ಬಾಗಿಲ ಮುಂದೆ ಬಿದ್ದವುಗಳಿಗೂ ಇವಕ್ಕೂ ಹತ್ತೇ ವರ್ಷದ ಅಂತರ. ಕಾಲಿನ ಸಮಸ್ಯೆ ಪೂರ್ತಿ ಮುಗಿದಿಲ್ಲ, ಮುಗಿಯುವ ದಾರಿಯಲ್ಲಂತೂ ಇದೆ.

ಕೈಯ ಕಥೆ ಬೇರೆ.

ಯಾವುದೇ ಮಾರ್ಕೆಟ್ಟಿನ ಮುಂದೆ ಹೂವು ಕಟ್ಟುತ್ತಾ ಕೂತ ಹೆಂಗಸನ್ನು ಐದು ನಿಮಿಷ ನೋಡಿ. ಎಡಗೈಯಲ್ಲಿ ಬಾಳೆನಾರು. ಬಲಗೈ ಬುಟ್ಟಿಯಿಂದ ಎರಡು ಮೊಗ್ಗು ಆರಿಸುತ್ತದೆ, ಎರಡೇ, ಮೂರಲ್ಲ. ತೊಟ್ಟುಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಸರಿಮಾಡುತ್ತದೆ. ಆ ಕಡೆಗೆ ಇನ್ನೆರಡು. ನಾರು ಒಂದು ಸುತ್ತು ಬಂದು, ಬೆರಳು ಒಂದು ಕೊಂಡಿ ಮಾಡಿ, ಗಂಟು ಜಾರಿ ಕೂರುತ್ತದೆ. ಬಿಗಿ ಜಾಸ್ತಿಯಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಮಾಲೆ ಉದುರುತ್ತದೆ. ಇಷ್ಟು ಹೊತ್ತೂ ಆಕೆ ಹೂವನ್ನು ನೋಡಿಯೇ ಇಲ್ಲ. ಮೊಳಕ್ಕೆ ಎಷ್ಟು ಅಂತ ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಿದ್ದಾಳೆ.

ನೋಡದೆ ಹೇಗೆ ಸಾಧ್ಯ? ಚರ್ಮದಿಂದ. ನಮ್ಮ ಒಂದು ಕೈಯ ಅಂಗೈ ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನು ಗುರುತಿಸುವ ಸುಮಾರು 17,000 ನರತುದಿಗಳಿವೆ. ಒತ್ತಡ, ನಡುಕ, ಚರ್ಮ ಹಿಗ್ಗುವುದು, ಹಿಡಿದದ್ದು ಜಾರಲು ಶುರುವಾಗುವುದು, ಒಂದೊಂದಕ್ಕೂ ಬೇರೆ ಬೇರೆ. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ರೋಲಂಡ್ ಯೊಹಾನ್ಸನ್ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ಅವರ ಲ್ಯಾಬಿನ ಒಂದು ಪ್ರಯೋಗದಲ್ಲಿ ಒಬ್ಬ ಮಹಿಳೆ ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದು ಗೀರುತ್ತಾಳೆ. ಏಳು ಸೆಕೆಂಡಿನ ಕೆಲಸ. ಆಮೇಲೆ ಬೆರಳ ತುದಿಗಳಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕಣ್ಣು ಸರಿಯಿದೆ, ಸ್ನಾಯು ಸರಿಯಿದೆ, ಬುದ್ಧಿಯೂ ಅದೇ. ಕಡ್ಡಿ ಮಾತ್ರ ಕೈಗೆ ಸಿಗುವುದಿಲ್ಲ. ಬೀಳುತ್ತದೆ, ತಿರುಗಿಕೊಳ್ಳುತ್ತದೆ. ಸುಮಾರು ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ.

ಇವತ್ತಿನ ರೋಬೋಟ್ ಕೈಗಳಲ್ಲಿ ಹೆಚ್ಚಿನವು ಈ ಮರಗಟ್ಟಿದ ಕೈಗಳೇ. ಬೆರಳ ತುದಿಯಲ್ಲಿ ಒಂದಿಷ್ಟು ಒತ್ತಡದ ಸೆನ್ಸರ್ ಇಟ್ಟವೂ ಇವೆ, ಆದರೆ 17,000 ಎಲ್ಲಿ, ಇವು ಎಲ್ಲಿ. ಕ್ಯಾಮರಾದಿಂದ ನೋಡಿ ಸಂಭಾಳಿಸುತ್ತವೆ. ಹಿಡಿದ ಕೂಡಲೇ ವಸ್ತುವನ್ನು ಕೈಯೇ ಮರೆಮಾಡುತ್ತದೆ ಅನ್ನುವುದು ಬೇರೆ ಕಷ್ಟ.

ಕಟ್ಟುವುದೂ ಸುಲಭವಲ್ಲ. ಕೈಯೊಳಗೆ 27 ಮೂಳೆ ಇಟ್ಟುಕೊಂಡ ನಾವು, ಬೆರಳು ಎಳೆಯುವ ಬಲವಾದ ಸ್ನಾಯುಗಳನ್ನು ಮುಂಗೈಯಲ್ಲಿ ಇಟ್ಟುಕೊಂಡಿದ್ದೇವೆ. ಮುಷ್ಟಿ ಬಿಗಿದು ಮಣಿಕಟ್ಟಿನ ಒಳಭಾಗ ಮುಟ್ಟಿದರೆ ಸ್ನಾಯುರಜ್ಜು ಸರಿದಾಡುವುದು ಗೊತ್ತಾಗುತ್ತದೆ. ರೋಬೋಟ್ ಮಾಡುವವರಿಗೂ ಜಾಗ ಸಾಲದೆ ಹಲವರು ಮೋಟರ್‌ಗಳನ್ನು ಮುಂಗೈಗೆ ತಳ್ಳಿದರು. ಮಣಿಕಟ್ಟು ತಿರುಗುವಾಗಲೆಲ್ಲ ಒಳಗಿನ ವೈರು, ತಂತಿಗಳು ಮಡಚುತ್ತವೆ. ಲಕ್ಷ ಸಲ ಮಡಚಿದರೆ ಯಾವ ವೈರು ತಾಳುತ್ತದೆ? ಹಳೆಯ ಇಯರ್‌ಫೋನಿನ ಬುಡ ನೆನಪಿಸಿಕೊಳ್ಳಿ.

ಇದು ಊಹೆಯ ಮಾತಲ್ಲ. ಅಮೆರಿಕದ ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಬಿಎಂಡಬ್ಲ್ಯು ಕಾರ್ಖಾನೆಯಿದೆ. ಅಲ್ಲಿ ಫಿಗರ್ ಕಂಪನಿಯ ಫಿಗರ್ 02 ರೋಬೋಟ್‌ಗೆ ಕೊಟ್ಟ ಕೆಲಸ ಒಂದೇ. ಡಬ್ಬದಿಂದ ಶೀಟ್ ಮೆಟಲ್ ಭಾಗ ತೆಗೆ, ವೆಲ್ಡಿಂಗ್ ಫಿಕ್ಸ್ಚರ್, ಅಂದರೆ ಭಾಗಗಳನ್ನು ಅಲುಗದಂತೆ ಹಿಡಿದಿಡುವ ಚೌಕಟ್ಟಿನ ಮೇಲೆ ಕೂರಿಸು. ಕಾರಿಗೆ ಮೂರು ಭಾಗ. 84 ಸೆಕೆಂಡಿನ ಒಂದು ಸುತ್ತಿನಲ್ಲಿ 37 ಸೆಕೆಂಡು ಇದಕ್ಕೆ. 5 ಮಿ.ಮೀ. ಒಳಗೆ ಕೂರಬೇಕು. ವೆಲ್ಡಿಂಗ್ ಮಾಡುವುದು ಮಾಮೂಲಿ ರೋಬೋಟ್ ತೋಳುಗಳೇ. 2025ರ ನವೆಂಬರಿನಲ್ಲಿ ಕಂಪನಿ ತಾನೇ ಕೊಟ್ಟ ಲೆಕ್ಕದ ಪ್ರಕಾರ 11 ತಿಂಗಳಲ್ಲಿ 1,250 ಗಂಟೆಗೂ ಹೆಚ್ಚು ಓಟ, 90,000ಕ್ಕೂ ಹೆಚ್ಚು ಭಾಗ, 30,000 ಕಾರುಗಳಲ್ಲಿ ಪಾಲು. ಅತಿ ಹೆಚ್ಚು ಕೆಟ್ಟದ್ದು ಯಾವುದು? ಮುಂಗೈ. ಮಣಿಕಟ್ಟಿನ ಹತ್ತಿರದ ವೈರು, ಬಿಸಿ, ಇಕ್ಕಟ್ಟು. ಮುಂದಿನ ಮಾದರಿಯಲ್ಲಿ ಅಲ್ಲಿನ ವೈರಿಂಗನ್ನೇ ಬದಲಿಸಿದರು.

ಈ ಅಂಕಿಗಳನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡೋಣ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ದುಡಿಯುವ ಕೆಲಸಗಾರ 11 ತಿಂಗಳಲ್ಲಿ 2,200 ಗಂಟೆ ಕೆಲಸ ಮಾಡಿರುತ್ತಾನೆ. ಯಂತ್ರ ಮಾಡಿದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಇನ್ನೊಂದು ಕಡೆ, ಅಮೆರಿಕದ ಜಾರ್ಜಿಯಾ ರಾಜ್ಯದ ಫ್ಲವರಿ ಬ್ರಾಂಚ್ ಊರಿನ ಗೋಡೌನ್. ಅಲ್ಲಿ ಅಜಿಲಿಟಿ ಕಂಪನಿಯ ಡಿಜಿಟ್ 2024ರಿಂದ ಬಾಡಿಗೆ ಲೆಕ್ಕದಲ್ಲಿ ದುಡಿಯುತ್ತಿದೆ. ಕ್ಯಾಸಿ ಕಾಲಿನದೇ ವಂಶ, ಮಂಡಿ ಹಕ್ಕಿಯ ಹಾಗೆ ಹಿಂದಕ್ಕೆ ಬಾಗುತ್ತದೆ. ಚಕ್ರದ ಗಾಡಿಗಳು ತಂದ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಎತ್ತಿ ಕನ್ವೇಯರ್ ಮೇಲೆ ಇಡುವುದು ಅದರ ಕೆಲಸ. 2025ರ ಕೊನೆಯ ಹೊತ್ತಿಗೆ 1 ಲಕ್ಷ ಕ್ರೇಟ್ ದಾಟಿತು. ಒಂದೂವರೆ ವರ್ಷಕ್ಕೆ ಹಂಚಿದರೆ ದಿನಕ್ಕೆ ಸರಾಸರಿ ಇನ್ನೂರು ಕೂಡ ಆಗುವುದಿಲ್ಲ. ಯಶವಂತಪುರ ಎಪಿಎಂಸಿ ಯಾರ್ಡಿನ ಹಮಾಲರು ಕೇಳಿದರೆ ನಕ್ಕುಬಿಡುತ್ತಾರೆ. ಆದರೂ ನಾನು ಪಲ್ಟಿಯ ವಿಡಿಯೊಗಿಂತ ಈ ಬೋರು ಹೊಡೆಸುವ ಅಂಕಿಗಳನ್ನೇ ನಂಬುತ್ತೇನೆ. ಇಲ್ಲಿ ಗಂಟೆಗೆ ಇಷ್ಟು, ತಪ್ಪು ಇಷ್ಟು, ಕೆಟ್ಟದ್ದು ಇಲ್ಲಿ ಅಂತ ಯಾರೋ ಎಣಿಸಿದ್ದಾರೆ. ಡಿಜಿಟ್ ಕೈಯಲ್ಲಿ ಬೆರಳುಗಳ ಗೋಜೇ ಇಲ್ಲ, ಕ್ರೇಟ್ ಹಿಡಿಯಲು ಬೇಕಾದಷ್ಟು ಹಿಡಿತ ಮಾತ್ರ ಅನ್ನುವುದನ್ನೂ ಗಮನಿಸಿ.

ಬೆರಳುಗಳಿಗೆ ಕೆಲಸ ಕಲಿಸುವುದು ಹೇಗೆ? ನಡಿಗೆಯನ್ನು ಕಂಪ್ಯೂಟರಿನೊಳಗೆ ಕಲಿಸಬಹುದು. ನೆಲ, ತೂಕ, ಜಾರು, ಇಷ್ಟನ್ನು ಲೆಕ್ಕದಲ್ಲಿ ಹಿಡಿಯಬಹುದು. ಬಟ್ಟೆ ಮುದುಡುವುದನ್ನು, ವೈರು ಬಳುಕುವುದನ್ನು, ಮೊಗ್ಗಿನ ತೊಟ್ಟು ನಲುಗುವುದನ್ನು ಅಷ್ಟು ನಿಖರವಾಗಿ ಹಿಡಿಯಲು ಇನ್ನೂ ಬಂದಿಲ್ಲ. ಹಾಗಾಗಿ ಮನುಷ್ಯರಿಂದಲೇ ಕಲಿಯಬೇಕು. ಒಬ್ಬರು ಕಣ್ಣಿಗೆ ವಿಆರ್ ಕನ್ನಡಕ ಹಾಕಿಕೊಂಡು ತಮ್ಮ ಕೈ ಆಡಿಸುತ್ತಾರೆ, ರೋಬೋಟ್ ಹಾಗೇ ಆಡಿಸುತ್ತದೆ. ಇಂಥ ಸಾವಿರಾರು ಗಂಟೆಗಳನ್ನು ಕಲೆಹಾಕಿ, ಕಂಡ ಚಿತ್ರಕ್ಕೆ ಮತ್ತು ಕೇಳಿದ ಮಾತಿಗೆ ಸರಿಯಾದ ಚಲನೆ ಕೊಡುವ ಮಾದರಿಯನ್ನು ತಯಾರಿಸುತ್ತಾರೆ. ಭಾಷೆಯ ಎಐಗೆ ಇಂಟರ್ನೆಟ್ ತುಂಬ ಬರಹ ಸಿಕ್ಕಿತು. ಮುಟ್ಟಿದ್ದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ದೂರದಿಂದ ಆಡಿಸುವ ಈ ವಿದ್ಯೆಯೇ ಕೆಲವು ಸಲ ಪ್ರದರ್ಶನವೂ ಆಗುತ್ತದೆ. 2024ರ ಅಕ್ಟೋಬರಿನಲ್ಲಿ ಟೆಸ್ಲಾ ಕಂಪನಿಯ ಕಾರ್ಯಕ್ರಮದಲ್ಲಿ ಆಪ್ಟಿಮಸ್ ರೋಬೋಟ್‌ಗಳು ಅತಿಥಿಗಳಿಗೆ ಪಾನೀಯ ಕೊಟ್ಟು ಹರಟೆ ಹೊಡೆದವು. ಹಿಂದೆ ಮನುಷ್ಯರು ಕೂತು ನಡೆಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಯಾವುದೇ ವಿಡಿಯೊ ನೋಡಿದಾಗ ನಾನು ಎರಡು ವಿಷಯ ಹುಡುಕುತ್ತೇನೆ: ದೂರದಿಂದ ಯಾರಾದರೂ ಆಡಿಸುತ್ತಿದ್ದಾರಾ, ವೇಗ ಹೆಚ್ಚಿಸಿದ್ದಾರಾ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಬರೆದಿದ್ದರೆ.

ಈ ಪಾಠದ ಒಂದು ತುದಿ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ಕರೂರಿನಲ್ಲಿ ಯುವಕರು ಹಣೆಗೆ ಕ್ಯಾಮರಾ ಕಟ್ಟಿಕೊಂಡು ಟವೆಲ್ ಮಡಿಸುತ್ತಾರೆ. ಮಡಿಸಿ, ಇಟ್ಟು, ಮತ್ತೆ ತೆಗೆದು ಮಡಿಸಿ. ಕೈ ಫ್ರೇಮಿನಿಂದ ಆಚೆ ಹೋದರೆ ಆ ವಿಡಿಯೊ ಕೆಲಸಕ್ಕೆ ಬರುವುದಿಲ್ಲ. ಅದು ಅಮೆರಿಕದ ರೋಬೋಟ್‌ಗಳಿಗೆ ಪಠ್ಯ. ಕರೂರು ಟವೆಲ್, ಬೆಡ್‌ಶೀಟ್ ನೇಯುವುದಕ್ಕೇ ಹೆಸರಾದ ಊರು ಅನ್ನುವುದು ಕಾಕತಾಳೀಯ ಇರಬಹುದು.

ಸಂಶೋಧನೆ ಮಾಡುವವರಿಗೆ ಮಾತ್ರ ಇದು ಸುಗ್ಗಿಯ ಕಾಲ. ಮುಂಚೆ ಒಂದು ಲ್ಯಾಬಿಗೆ ಹ್ಯೂಮನಾಯ್ಡ್ ಬೇಕಾದರೆ ವರ್ಷಗಟ್ಟಲೆ ಕೂತು ತಾವೇ ಕಟ್ಟಬೇಕಿತ್ತು, ಬಿದ್ದರೆ ತಿಂಗಳುಗಟ್ಟಲೆ ರಿಪೇರಿ. 2024ರಲ್ಲಿ ಚೀನಾದ ಹಾಂಗ್‌ಝೌ ನಗರದ ಯೂನಿಟ್ರೀ ಕಂಪನಿ ಜಿ1 ಅನ್ನುವುದನ್ನು 16,000 ಡಾಲರ್‌ಗೆ ತಂದಿತು. ಸುಮಾರು 130 ಸೆಂ.ಮೀ. ಎತ್ತರ, 35 ಕೆಜಿ. ಬೆರಳಿರುವ ಕೈ ಬೇಕಾದರೆ ಬೇರೆ ದುಡ್ಡು. ಬಿದ್ದರೆ ಎತ್ತಿ ನಿಲ್ಲಿಸಿ ಮುಂದುವರಿಯಬಹುದು. ಜಗತ್ತಿನ ಎಷ್ಟೋ ಲ್ಯಾಬುಗಳು ಈಗ ಒಂದೇ ದೇಹದ ಮೇಲೆ ಪ್ರಯೋಗ ಮಾಡುತ್ತಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರು ಮರುದಿನವೇ ಪರೀಕ್ಷಿಸಬಹುದು.

ನಮ್ಮಲ್ಲೂ ಪ್ರಯತ್ನಗಳಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಶಿಶಿರ್ ಕೋಲತ್ತಾಯ ಅವರ ತಂಡ ಕಟ್ಟಿದ ಸ್ಟೋಚ್ ರೋಬೋಟ್ ನಾಲ್ಕು ಕಾಲಿನದು. ಇಸ್ರೊದ ಹ್ಯೂಮನಾಯ್ಡ್ ವ್ಯೋಮಮಿತ್ರ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಮೊದಲ ಸಲ ಜನರೆದುರು ಬಂದಳು. ಅವಳಿಗೆ ಕಾಲೇ ಇಲ್ಲ. ಗಗನಯಾನದ ಕೋಶದಲ್ಲಿ ಸೀಟಿನಲ್ಲಿ ಕೂತು ಗುಂಡಿ ಒತ್ತಬೇಕು, ತೂಕವೇ ಇಲ್ಲದ ಕಡೆ ನಡೆಯುವುದೆಲ್ಲಿ? ಕೆಲಸ ನೋಡಿ ದೇಹ ಕೊಟ್ಟಿದ್ದಾರೆ.

ಫ್ಯಾಕ್ಟರಿಗೂ ಇದೇ ಲೆಕ್ಕ ಹಾಕಿದರೆ ಏನಾಗುತ್ತದೆ? ಫ್ಯಾಕ್ಟರಿಯ ನೆಲ ಸಾಮಾನ್ಯವಾಗಿ ಸಮತಟ್ಟು. ಮೆಟ್ಟಿಲಿದ್ದರೂ ಸಾಮಾನು ಹೋಗುವುದು ಲಿಫ್ಟಿನಲ್ಲಿ. ಮನುಷ್ಯನಂಥ ಎರಡು ಕೈ, ಕೆಳಗೆ ಅಗಲವಾದ ಚಕ್ರದ ಪೀಠ, ಇಷ್ಟಿದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಗುಂಡಿ ಒತ್ತಿದರೆ ಬೀಳುವುದೂ ಇಲ್ಲ. ಹಲವು ಕಂಪನಿಗಳು ಇದನ್ನೂ ಮಾಡುತ್ತಿವೆ, ಆದರೆ ಅದರ ವಿಡಿಯೊ ಯಾರೂ ಶೇರ್ ಮಾಡುವುದಿಲ್ಲ. ಮುಂದಿನ ಕೆಲವು ವರ್ಷ ನಿಜವಾದ ದುಡಿಮೆ ಅಲ್ಲೇ ಜಾಸ್ತಿ ನಡೆಯುತ್ತದೆ ಅನ್ನುವುದು ನನ್ನ ಅಂದಾಜು. ಪೀಣ್ಯದ ಸಣ್ಣ ವರ್ಕ್‌ಶಾಪಿನ ಹುಡುಗನ ವಿಷಯ ಇನ್ನೂ ದೂರ. ಅವನು ಬೆಳಿಗ್ಗೆ ಲೇತ್ ಮೇಲೆ ನಿಂತು, ಆಮೇಲೆ ಚೂರುಗಳ ಅಂಚು ಉಜ್ಜಿ, ನೆಲ ಗುಡಿಸಿ, ಟೀ ತಂದು, ಸಂಜೆ ಟೆಂಪೋ ಲೋಡ್ ಮಾಡುತ್ತಾನೆ. ಎಲ್ಲ ಕೆಲಸಕ್ಕೂ ಸಲ್ಲುವ ರೋಬೋಟ್ ಅಂತ ಜಾಹೀರಾತಿನಲ್ಲಿ ಹೇಳುವುದು ಇವನ ಕೆಲಸವನ್ನೇ. ಇವತ್ತು ಓಡುತ್ತಿರುವವು ಅದರಲ್ಲಿ ಒಂದೊಂದನ್ನು ಮಾಡುತ್ತಿವೆ.

ಮತ್ತೆ ಕೆಂಪು ಗುಂಡಿಗೆ ಬರೋಣ. ಬೀಳುವ ಪೆಟ್ಟು ಎತ್ತರದ ಜೊತೆ ಎಷ್ಟು ಬೇಗ ಏರುತ್ತದೆ ಅಂತ ನೋಡಿ. ಒಂದು ರೋಬೋಟ್ ಅನ್ನು ಎಲ್ಲ ಕಡೆಯಿಂದ ಎರಡು ಪಟ್ಟು ದೊಡ್ಡದು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಬೀಳುವ ಎತ್ತರವೂ ಎರಡು ಪಟ್ಟು. ಒಟ್ಟು ಪೆಟ್ಟಿನ ಶಕ್ತಿ ಹದಿನಾರು ಪಟ್ಟು. ಮೊಣಕಾಲೆತ್ತರದ ಬೊಂಬೆ ಬಿದ್ದರೆ ಮಕ್ಕಳು ನಗುತ್ತಾರೆ. 175 ಸೆಂ.ಮೀ. ಎತ್ತರದ, 65 ಕೆಜಿಯ ಡಿಜಿಟ್ ಕ್ರೇಟ್ ಹಿಡಿದುಕೊಂಡು ಬಿದ್ದರೆ ಹಾಗಲ್ಲ. ಲ್ಯಾಬುಗಳಲ್ಲಿ ದೊಡ್ಡ ರೋಬೋಟ್‌ಗಳ ಹೆಗಲಿಗೆ ಹಗ್ಗ ಕಟ್ಟಿ ಮೇಲಿನ ಕಂಬಿಗೆ ನೇತುಹಾಕಿರುವುದು ಇದಕ್ಕೇ.

ಕೈಗಾರಿಕಾ ರೋಬೋಟ್‌ಗಳ ಸುರಕ್ಷತೆಗೆ ಐಎಸ್‌ಒ 10218 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಬರೆದದ್ದು ನೆಲಕ್ಕೆ ಬೋಲ್ಟ್ ಹಾಕಿದ ತೋಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬ್ಯಾಲೆನ್ಸ್ ಮಾಡುತ್ತಲೇ ನಿಲ್ಲಬೇಕಾದ ಯಂತ್ರಗಳಿಗಾಗಿ ಐಎಸ್‌ಒ 25785 ಅನ್ನುವ ಬೇರೆ ಮಾನದಂಡವನ್ನೇ ಬರೆಯಲು ಕೂತಿದ್ದಾರೆ. ಗುಂಡಿ ಒತ್ತಿದಾಗ ಕರೆಂಟ್ ಕೀಳುವಂತಿಲ್ಲ. ಅದೇ ಮೋಟರ್‌ಗಳನ್ನು ಬಳಸಿ ರೋಬೋಟ್ ಕೈಯಲ್ಲಿದ್ದುದನ್ನು ಇಳಿಸಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಆಮೇಲೆ ಆರಬೇಕು. ಅಂದರೆ ಯಾವ ಯಂತ್ರ ಕೆಟ್ಟಿದೆ ಅಂತ ಗುಂಡಿ ಒತ್ತಿದೆವೋ, ಅದೇ ಯಂತ್ರ ಇನ್ನೂ ಕೆಲವು ಸೆಕೆಂಡ್ ಸರಿಯಾಗಿ ಕೆಲಸ ಮಾಡುತ್ತದೆ ಅಂತ ನಂಬಬೇಕು. ಕೆಟ್ಟಿರುವುದು ಮಂಡಿಯ ಮೋಟರೇ ಆಗಿದ್ದರೆ?

ಇದಕ್ಕೆ ಸದ್ಯಕ್ಕೆ ಇರುವ ಉತ್ತರ ಬೇಲಿ. ಮನುಷ್ಯರ ಜಾಗಕ್ಕೆ ಹೊಂದಲಿ ಅಂತ ಮನುಷ್ಯನ ಆಕಾರ ಕೊಟ್ಟ ಡಿಜಿಟ್ ಕೆಲಸ ಮಾಡುವುದು ಮನುಷ್ಯರು ಕಾಲಿಡದ, ಗೆರೆ ಹಾಕಿ ಬೇರೆ ಮಾಡಿದ ಜಾಗದಲ್ಲಿ. 1961ರ ಯೂನಿಮೇಟ್ ಹತ್ತಿರವೂ ಯಾರೂ ಸುಳಿಯುವಂತಿರಲಿಲ್ಲ. ಆದರೆ ಅದನ್ನು ಆರಿಸಿ, ಲೈಟು ತೆಗೆದು, ಬಾಗಿಲು ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಎರಡು ಕಾಲಿನವನನ್ನು ಮೊದಲು ಕೂರಿಸಬೇಕು.